ಅಪ್ಪನ ಬೆಂಚಿನ ಮೂರನೇ ಜಾಗ

ಬೆಂಚಿನ ಬಲಗೈ ಮೇಲಿನ ಹಸಿರು ಬಣ್ಣ ಕೆರೆಯುತ್ತ ಕೂತಿದ್ದಾಗ ತಮ್ಮ ಶಿವುವಿನ ಫೋನು ಬಂತು. ಎರಡು ಕೈಯಲ್ಲೂ ಬಣ್ಣದ ಪುಡಿ. ಮೊಣಕೈಯಿಂದಲೇ ಒತ್ತಿ ಮಾತಾಡಿದೆ. ಬೆಳಗಿನ ಪೂಜೆ ಮುಗಿದು, ತಿಂಡಿಯ ಪಾತ್ರೆ ತೊಳೆದಿಟ್ಟು, ಮಧ್ಯಾಹ್ನದ ಅಡುಗೆಗೆ ಇನ್ನೂ ಹೊತ್ತಿದೆ ಅನ್ನುವ ಬಿಡುವಿನಲ್ಲಿ, ವಿಜಯನಗರದ ನಮ್ಮ ಮನೆ ಮುಂದಿನ ಸಿಮೆಂಟು ಅಂಗಳದಲ್ಲಿ, ಕೆಲವು ವಾರಗಳಿಂದ ಇದೇ ನನ್ನ ಕೆಲಸವಾಗಿತ್ತು. ಹಳೇ ಚಾಕುವಿನಲ್ಲಿ ಬಣ್ಣ ಕೆರೆಯುವುದು, ಬಡಗಿಗಳು ಉಪ್ಪುಕಾಗದ ಅನ್ನುವ ಒರಟು ಕಾಗದ ಹಿಡಿದು ಉಜ್ಜುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಮೊಣಕಾಲು ಇನ್ನೂ ಮಡಚುತ್ತದೆ, ಚಳಿ ಕಳೆದು ಬಿಸಿಲು ಬೇಗ ಅಂಗಳಕ್ಕೆ ಇಳಿಯುತ್ತದೆ, ಯಾರ ಹಂಗೂ ಇಲ್ಲದೆ ಮಾಡುವ ಕೆಲಸವೊಂದು ಈ ವಯಸ್ಸಿನಲ್ಲಿ ಸಿಕ್ಕಿದೆ. ಇಷ್ಟು ಕೊಟ್ಟ ತಾಯಿ ಚಾಮುಂಡಿಗೆ ಮನಸ್ಸಿನಲ್ಲೇ ಕೈಮುಗಿಯುತ್ತ ಕೆರೆಯುತ್ತಿದ್ದೆ. ಅಂಥ ಹೊತ್ತಿನಲ್ಲಿ ಶಿವು ಹೇಳಿದ್ದು ಇದು:

"ಚಿಕ್ಕಕ್ಕ, ಬೇಜಾರ್ ಮಾಡ್ಕೋಬೇಡ. ದೊಡ್ಡಕ್ಕ ಫೋನ್ ಮಾಡಿತ್ತು. ಬೆಂಚು ತನಗೆ ಬೇಕಂತೆ."

"ಯಾವ ಬೆಂಚು?"

"ಇನ್ಯಾವ್ದು? ನಿನ್ನತ್ರ ಇರೋದೇ. 'ಅದು ಅಪ್ಪಂದೂ ನಂದೂ ಬೆಂಚು ಕಣೋ, ನನ್ನ ಒಂದು ಮಾತು ಕೇಳ್ದೆ ಅವಳಿಗೆಂಗೆ ಕೊಟ್ಬುಟ್ಟೆ' ಅಂತು. ಗುರುವಾರ ಗಾಡಿ ತತ್ತದಂತೆ."

"ನೀನೇನಂದೆ?"

"ನಾನೇನ್ ಅನ್ಲಿ? ನೀವ್ ನೀವೇ ಮಾತಾಡ್ಕಳಿ ಅಂದೆ. ನಿಮ್ಮಿಬ್ರ ಮಧ್ಯ ನಂಗ್ಯಾಕ್ ಬಂತು, ಬುಡು."

ಫೋನು ಇಟ್ಟ ಮೇಲೆ ನಾನು ಬೆಂಚಿನ ಕೈ ಕೆರೆಯುವುದನ್ನು ಮುಂದುವರಿಸಿದೆ. ಆದರೆ ಚಾಕು ಜಾರಿ ಜಾರಿ ಹೋಗುತ್ತಿತ್ತು. ಕುಂಬಾರಕೊಪ್ಪಲಿನ ನಮ್ಮ ತವರಿನ ಹೆಂಚಿನ ಮನೆಯನ್ನು ಕೆಡವಿ ಶಿವು ಹೊಸದಾಗಿ ಕಟ್ಟಿಸಲು ಹೊರಟಾಗ, ಈ ಬೆಂಚು ಹಿತ್ತಿಲಲ್ಲಿ ಒಂದು ಕಾಲು ಮುರಿದುಕೊಂಡು, ಮೇಲೆ ಸಿಮೆಂಟಿನ ಖಾಲಿ ಚೀಲ ಹೊದ್ದು ಬಿದ್ದಿತ್ತು. ಗುಜರಿಯವನು ಅದನ್ನು ಸೌದೆಯ ಲೆಕ್ಕದಲ್ಲಿ ಕೇಳಿದ್ದ. ಆಗ ಯಾವ ದೊಡ್ಡಕ್ಕನಿಗೂ ಅದು ನೆನಪಾಗಿರಲಿಲ್ಲ. ಲಗೇಜ್ ಆಟೋ ಕರೆದು, ಬೀದಿ ಕೊನೆಯ ಬಡಗಿಯ ಹತ್ತಿರ ಕಾಲು ಕೂಡಿಸಿ, ಮನೆಗೆ ತಂದವಳು ನಾನು. "ಈ ಹೆಣ ಯಾಕ್ ತಂದೆ ಪದ್ಮ, ಹೊಸದೇ ತರೋಣ" ಎಂದಿದ್ದರು ನಮ್ಮವರು. ಈಗ ಹಸಿರು ಬಣ್ಣ ಹೋಗಿ, ಅದರ ಕೆಳಗಿನ ಕಂದು ಬಣ್ಣ ಹೋಗಿ, ತೇಗದ ಮೈ ಕಾಣಿಸತೊಡಗಿದ ಕೂಡಲೇ ಅಕ್ಕನಿಗೆ ಬೆಂಚು ಬೇಕಾಗಿದೆ. ಅಪ್ಪಂದೂ ನಂದೂ ಬೆಂಚಂತೆ. ಹೊಟ್ಟೆ ಉರಿಯಿತು ಎಂದು ಬರೆದರೆ ಅದು ಅಲಂಕಾರದ ಮಾತಲ್ಲ. ನಿಜವಾಗಿಯೂ ಎದೆಗೂಡಿನ ಕೆಳಗೆ, ಹಸಿಮೆಣಸಿನಕಾಯಿ ತಿಂದ ಹಾಗೆ. ಏಕೆಂದರೆ ಅಕ್ಕ ಹೇಳಿದ್ದು ಸುಳ್ಳಲ್ಲ.

ಆ ಬೆಂಚು ನಮ್ಮ ಮನೆಗೆ ಬಂದದ್ದು ಯಾವುದೋ ಹಳೇ ಬಂಗಲೆಯ ತೋಟದಿಂದ. ಬಂಗಲೆ ಬೀಳಿಸುತ್ತಿದ್ದಾರೆಂದು ತಿಳಿದು ಅಪ್ಪ ತಳ್ಳುಗಾಡಿಯಲ್ಲಿ ತಂದರು. ಎರಡು ಕಡೆ ಕೈ, ಬೆನ್ನಿಗೆ ಪಟ್ಟಿಗಳು, ಕೂರಲು ಮೂರು ಉದ್ದನೆಯ ಹಲಗೆ. ಬಾಗಿಲಲ್ಲಿ ತೂರಿಸಲು ನೋಡಿದರೆ ಹಿಡಿಸಲಿಲ್ಲ. ಅಲ್ಲಿಗೆ ಅದರ ಜಾಗ ಅಂಗಳದ ನುಗ್ಗೆ ಮರದ ಕೆಳಗೆ ಎಂದು ತೀರ್ಮಾನವಾಯಿತು. ನಮ್ಮದು ಇದ್ದದ್ದೇ ನಡುಮನೆ, ಅಡುಗೆಮನೆ, ಮಧ್ಯೆ ಗೂಡಿನಂಥ ಒಂದು ದೇವರ ಮೂಲೆ. ಐದು ಜನ ಮಲಗಿದರೆ ಕಾಲು ಚಾಚುವುದಕ್ಕೂ ಮಾತಾಡಿಕೊಳ್ಳಬೇಕಿತ್ತು. ಹಾಗಾಗಿ ಅಂಗಳದ ಬೆಂಚೇ ನಮ್ಮ ಮನೆಯ ದೊಡ್ಡ ಕೋಣೆ. ಅವ್ವನಿಗೆ ಅದು ಹಿಡಿಸಲಿಲ್ಲ. "ಹೆಣ್ಮಕ್ಳು ಬೀದಿಗೆ ಮಕ ಮಾಡ್ಕೊಂಡು ಕೂತ್ಕಂಡ್ರೆ ನೋಡ್ದೋರು ಏನಂತಾರೆ" ಎಂದು ಅಪ್ಪನ ಜೊತೆ ಎಷ್ಟೋ ದಿನ ಜಗಳ ತೆಗೆದಳು. ಅಪ್ಪ ಬೆಂಚನ್ನು ತಿರುಗಿಸಿ ಮನೆಯ ಕಡೆ ಮುಖ ಮಾಡಿ ಇಟ್ಟರು. ಜಗಳ ನಿಂತಿತು. ಬೀದಿಗೆ ಬೆನ್ನು ಹಾಕಿ ಹೊಸಿಲನ್ನು ನೋಡುವ ಬೆಂಚು ಇಡೀ ಕೊಪ್ಪಲಿನಲ್ಲಿ ನಮ್ಮದೊಂದೇ.

ಅಪ್ಪ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದರು. ಮೊದಲ ಪಾಳಿ ಇದ್ದಾಗ ಬೆಳಕು ಹರಿಯುವ ಮುಂಚೆ ಬಸ್ಸಿಗೆ ಹೋಗಿ ಮಧ್ಯಾಹ್ನ ಬಿಸಿಲಿಳಿಯುವಾಗ ಬರುತ್ತಿದ್ದರು. ಬಂದವರು ಒಳಗೆ ಬರುತ್ತಿರಲಿಲ್ಲ, ಬೆಂಚಿನ ನಡುವೆ ಕೂರುತ್ತಿದ್ದರು. ಅವರ ಎಡಕ್ಕೆ ಅಕ್ಕ ಸರೋಜ ಬಂದು ಕೂರುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ, ಹೂವಿಗೆ ದುಂಬಿ ಬಂದ ಹಾಗೆ ಬರುತ್ತಿದ್ದಳು. ಕನ್ನಡ ಮೇಷ್ಟ್ರು ಮೂಗಿನಲ್ಲಿ ಹೇಗೆ ಮಾತಾಡಿದರು, ಕಂಡಕ್ಟರು ಚಿಲ್ಲರೆಗೆ ಹೇಗೆ ಸಿಡುಕಿದ, ಪಕ್ಕದ ಮನೆ ಅಜ್ಜಿ ಕೋಳಿಯನ್ನು ಹೇಗೆ ಬೈದಳು, ಎಲ್ಲವನ್ನೂ ಮಾಡಿ ತೋರಿಸುವಳು. ಅಪ್ಪ ಸದ್ದಿಲ್ಲದೆ ನಗುತ್ತಿದ್ದರು, ಭುಜ ಮಾತ್ರ ಕುಲುಕುತ್ತಿತ್ತು. ನಾನು ಹೊಸಿಲಿನ ಮೇಲೆ ಕೂತು ಅವರೇಕಾಯಿ ಬಿಡಿಸುತ್ತ ಆ ಕುಲುಕುವ ಭುಜವನ್ನು ನೋಡುತ್ತಿದ್ದೆ. ಬೆಂಚು ಮನೆಯ ಕಡೆ ಮುಖ ಮಾಡಿದ್ದರಿಂದ ಅದನ್ನು ನೋಡದೆ ಇರುವುದಕ್ಕೂ ಆಗುತ್ತಿರಲಿಲ್ಲ.

ಹಾಗಾದರೆ ಅಪ್ಪನ ಬಲಕ್ಕೆ ಜಾಗ ಇರಲಿಲ್ಲವೆ ಎಂದು ನೀವು ಕೇಳಬಹುದು. ಇತ್ತು. ಅಲ್ಲಿ ಅವರ ಊಟದ ಕ್ಯಾರಿಯರ್ ಕೂರುತ್ತಿತ್ತು. ನಾನು ಒಮ್ಮೆ ಧೈರ್ಯ ಮಾಡಿ ಅದನ್ನು ಎತ್ತಿ ಕೆಳಗಿಡಲು ಹೋದೆ.

"ಅನ್ನದ ಪಾತ್ರೆ ಕಣವ್ವ," ಎಂದರು ಅಪ್ಪ. "ಓಡಾಡೋ ನೆಲದ ಮ್ಯಾಲೆ ಇಡಬಾರ್ದು."

ಅದಕ್ಕೆ ಎದುರು ಹೇಳುವುದು ಹೇಗೆ? ಅನ್ನವೆಂದರೆ ದೇವರು ಎಂದು ನನಗೆ ಕಲಿಸಿದವರೇ ಅವರು. ದೇವರ ಮೂಲೆ ಗುಡಿಸಿ ಹೂವು ಇಡುತ್ತಿದ್ದವಳೂ ನಾನೇ. ದೇವರಿಗಾಗಿ ಜಾಗ ಬಿಡುವುದನ್ನು ನಾನು ಅಷ್ಟು ಚಿಕ್ಕಂದಿನಲ್ಲೇ ಕಲಿತೆ, ಆದರೆ ಆ ದೇವರು ಮುಚ್ಚಳದಲ್ಲಿ ಉಪ್ಸಾರಿನ ವಾಸನೆ ಹೊಡೆಯುವ ತಗಡಿನ ಕ್ಯಾರಿಯರ್ ಆಗಿತ್ತು. ಅಕ್ಕನ ಮೇಲೆ ಇದ್ದ ಅಸೂಯೆ ಸಾಲದೆಂದು ಅದರ ಮೇಲೂ ಅಸೂಯೆ ಪಟ್ಟೆ. ಇನ್ನೊಂದು ದಿನ ಅಪ್ಪ ಬರುವ ಮೊದಲೇ ಹೋಗಿ ಅಕ್ಕನ ಜಾಗದಲ್ಲಿ ಕೂತೆ. ಅಪ್ಪ ಬಂದರು, ಕೂತರು, ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನನಗೆ ಹೇಳಲು ಏನೂ ತೋಚಲಿಲ್ಲ. "ಪದ್ದು, ಒಂದ್ ಚೊಂಬು ನೀರು ತತ್ತೀಯೇನವ್ವ" ಎಂದರು. ತಂದೆ. ಅಷ್ಟರಲ್ಲಿ ಅಕ್ಕ ಕೂತಾಗಿತ್ತು, ಅಪ್ಪನ ಭುಜ ಕುಲುಕುತ್ತಿತ್ತು. ಅಂದಿನಿಂದ ಇಂದಿನವರೆಗೂ ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ನೆಂಟರ ಮನೆಯ ಮದುವೆಗೆ ಹೋದರೂ ಕೊಬ್ಬರಿ ತುರಿಯುವವರ ಜೊತೆ ಹೋಗಿ ನಿಲ್ಲುತ್ತೇನೆ. ಎಲ್ಲರೂ ನನ್ನನ್ನು ಕೆಲಸಗಾತಿ ಎನ್ನುತ್ತಾರೆ. ಕೂತರೆ ಯಾರಾದರೂ ನೀರು ಕೇಳುತ್ತಾರೆ ಎಂದು ನಾನು ಕಾಯುವುದು ಅವರಿಗೆ ಗೊತ್ತಿಲ್ಲ.

ನನ್ನದೆನ್ನುವುದು ಒಂದಿತ್ತು. ಪ್ರತಿ ಶ್ರಾವಣದಲ್ಲಿ, ಗೌರಿ ಹಬ್ಬಕ್ಕೆ ಮುಂಚಿನ ಭಾನುವಾರಗಳಲ್ಲಿ, ಮಳೆ ಬಿಡುವು ಕೊಟ್ಟಾಗ ಅಪ್ಪ ಬೆಂಚಿಗೆ ಹೊದಿಸಿದ್ದ ಗೋಣಿತಾಟು ತೆಗೆದು "ಪದ್ದು, ಬಾ" ಎನ್ನುತ್ತಿದ್ದರು. ಹಸಿರು ಬಣ್ಣ ಬಳಿದದ್ದೆಲ್ಲ ಆಮೇಲಿನ ಕಾಲದಲ್ಲಿ. ಆಗ ಅದು ಬರೀ ಎಣ್ಣೆ ಕುಡಿದ ಮರ. ಮಳೆಗೆ ಬೂದಿ ಬಣ್ಣಕ್ಕೆ ತಿರುಗಿದ ಹಲಗೆಗಳನ್ನು ತೊಳೆದು, ಒಣಗಿಸಿ, ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯವಾದದ್ದು ಹಿಡಿದು ಇಬ್ಬರೂ ಉಜ್ಜುತ್ತಿದ್ದೆವು. ಬಿರುಕಿಗೆ ಮರದ ಹೊಟ್ಟನ್ನು ಗೋಂದಿನಲ್ಲಿ ಕಲಸಿ ತುಂಬುತ್ತಿದ್ದೆವು. ಕೊನೆಗೆ ಅಗಸೆ ಎಣ್ಣೆ, ಬಟ್ಟೆಯಲ್ಲಿ ತೆಳ್ಳಗೆ. ಆ ಕೆಲಸದಲ್ಲಿ ಅಪ್ಪ ಆಡುತ್ತಿದ್ದ ಮಾತು ಒಂದೇ: "ಎಳೆ ನೋಡ್ಕೊಂಡು ಉಜ್ಜವ್ವ." ಮರದ ಎಳೆ ಹೋದ ದಿಕ್ಕಿಗೇ ಕೈ ಹೋಗಬೇಕು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಅಕ್ಕನ ಜೊತೆ ಅಪ್ಪ ನಗುತ್ತಿದ್ದರು. ನನ್ನ ಜೊತೆ ಉಸಿರಾಡುತ್ತಿದ್ದರು, ಅಷ್ಟೆ. ಉಜ್ಜಿದ ಮೇಲೆ ಬೆಂಚು ಜೇನಿನ ಬಣ್ಣಕ್ಕೆ ಬಂದಾಗ ಬೀದಿಯವರೆಲ್ಲ ಹೊಗಳುತ್ತಿದ್ದರು, ಸಂಜೆ ಅದರ ಮೇಲೆ ಕೂರುತ್ತಿದ್ದವಳು ಅಕ್ಕ.

ಒಂದು ವರ್ಷ ಹಬ್ಬ ಹತ್ತಿರ ಬಂದಾಗ ಅಪ್ಪನಿಗೆ ಪಾಳಿ ಬದಲಾಗಿ, ಉಜ್ಜುವುದು ಮುಗಿದು ಎಣ್ಣೆ ಹಚ್ಚುವುದೊಂದು ಉಳಿಯಿತು. ಅಗಸೆ ಎಣ್ಣೆಯನ್ನು ಅಪ್ಪ ತರಬೇಕಿತ್ತು. ಅವ್ವನಿಗೆ ಒಂದು ಪದ್ಧತಿ ಇತ್ತು. ದೇವರ ದೀಪದಲ್ಲಿ ಉಳಿದ ಎಣ್ಣೆಯನ್ನು ಬಚ್ಚಲಿಗೆ ಚೆಲ್ಲಬಾರದೆಂದು ಒಂದು ಡಬ್ಬಿಗೆ ಬಸಿದಿಡುತ್ತಿದ್ದಳು. ಎಳ್ಳೆಣ್ಣೆ, ಹರಳೆಣ್ಣೆ, ಹಿಪ್ಪೆ ಎಣ್ಣೆ, ಬತ್ತಿಯ ಕರಿ, ಎಲ್ಲ ಸೇರಿದ ಮಂದವಾದ ಎಣ್ಣೆ ಅದು. ಬಾಗಿಲ ತಿರುಗುಣಿಗೆ, ಬಾವಿಯ ರಾಟೆಗೆ ಹಾಕುತ್ತಿದ್ದಳು. ಹಬ್ಬದ ಹಿಂದಿನ ದಿನ, ನಾನು ಹೂವು ಕಟ್ಟುತ್ತಿದ್ದಾಗ, ಅಕ್ಕ ಆ ಡಬ್ಬಿಯನ್ನು ಪೂರ್ತಿ ಬೆಂಚಿಗೆ ಸುರಿದು ಕೈಯಲ್ಲೇ ಬಳಿದಳು. ಅಡುಗೆ ಎಣ್ಣೆ ಹಾಕಿದರೆ ದಂಡ, ದೇವರ ಎಣ್ಣೆಯಾದರೆ ಬೆಂಚಿಗೂ ಒಳ್ಳೆಯದು, ಹಬ್ಬಕ್ಕೂ ಒಳ್ಳೆಯದು ಎಂದು ಅವಳ ಯೋಚನೆ. ಅವ್ವ ನೋಡಿ, "ಪರವಾಗಿಲ್ಲ, ದೇವರದ್ದಲ್ವ" ಎಂದಳು. ದೀಪದ ಎಣ್ಣೆ ಒಣಗುವುದಿಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಅವ್ವನ ತಮ್ಮ, ನಮ್ಮ ಸೋದರಮಾವ, ತವರಿನ ಬಾಗಿನ ಹಿಡಿದು ಬಂದರು. ಮದುವೆಯಾಗಿ ಬಂದ ಹೆಣ್ಣಿಗೆ ವರ್ಷಕ್ಕೊಮ್ಮೆ ಬಾಗಿನ ತರುವ ತಮ್ಮ ಎಂದರೆ ಬರೀ ನೆಂಟನಲ್ಲ. ಗರಿಗರಿ ಬಿಳಿ ಪಂಚೆ ಉಟ್ಟಿದ್ದರು. ಮೊರವನ್ನು ಅವ್ವನ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತರು, ಕಾಫಿ ಕುಡಿದರು, ಊಟಕ್ಕೆ ಏಳಲು ಹೋದರು. ಬೆಂಚು ಬಿಡಲಿಲ್ಲ. ಚರ್ರ್ ಎಂದು ಸದ್ದು ಮಾಡಿ ಪಂಚೆ ಕಿತ್ತುಕೊಂಡು ಎದ್ದಾಗ ಹಿಂದೆ ಮೂರು ಕರಿ ಪಟ್ಟೆ.

"ಏನ್ ಭಾವ ಇದು? ನಾನೇನ್ ಬಾಗಿನ ಕಮ್ಮಿ ತಂದ್ನ?"

ಅಪ್ಪ ಬಗ್ಗಿ ನೋಡಿ, ಬೆರಳಿಗೆ ಹತ್ತಿದ್ದನ್ನು ಮೂಸಿ, ವಿಷಯ ತಿಳಿದುಕೊಂಡರು.

"ಬಾಮೈದ, ಅದು ದೇವರ ದೀಪದ ಎಣ್ಣೆ ಕಣಯ್ಯ. ನಮ್ಮ ಸರೋಜಿ ಹಚ್ಚವಳೆ. ಪುಣ್ಯ ತಾನಾಗೇ ಬಂದು ಅಂಟ್ಕೊಂಡದೆ. ನೋಡು, ಮೂರು ಪಟ್ಟೆ, ವಿಭೂತಿ ಇದ್ದಂಗದೆ. ಜಾಗ ಒಂದು ತಪ್ಪೋಗದೆ ಅಷ್ಟೆ."

ಆ ನಗು! ಮಾವ ನಕ್ಕರು, ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಶಿವು ನೆಲದ ಮೇಲೆ ಬಿದ್ದು ಹೊರಳಾಡಿದ. ಅಕ್ಕ ನಾಚಿಕೊಂಡು ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡಳು. ನಾನೂ ನಕ್ಕೆ, ನಗದಿದ್ದರೆ ಕಾಣುತ್ತದಲ್ಲ. ಅಷ್ಟರಲ್ಲಿ ಇರುವೆ ಸಾಲುಗಟ್ಟಿದ್ದವು. "ಪದ್ದು, ಒಸಿ ಬೆಂಚು ತೊಳ್ದ್ಬುಡವ್ವ" ಎಂದಳು ಅವ್ವ. ಹಬ್ಬದ ಹೊಸ ಲಂಗ ಎತ್ತಿ ಕಟ್ಟಿ, ಬಿಸಿನೀರು ಸೀಗೆಪುಡಿ ಹಾಕಿ ನಾನು ಉಜ್ಜುತ್ತಿದ್ದಾಗ ಒಳಗೆ ಒಬ್ಬಟ್ಟು ಬಡಿಸುವ ಸದ್ದು. ಮತ್ತೆ ನಗು. ಮಾವ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಕೈ ತೊಳೆಯಲು ಹೊರಗೆ ಬಂದ ಅಪ್ಪ ಹಲಗೆಯ ಮೇಲೆ ಅಂಗೈ ಆಡಿಸಿ, "ಎಳೆ ಎದ್ಬುಟ್ಟದೆ. ಬರೋ ಭಾನುವಾರ ಇನ್ನೊಂದ್ ಸಲ ಉಜ್ಜನ" ಎಂದು ಒಳಗೆ ಹೋದರು. ಆ ಕತೆ ನಮ್ಮ ಕುಟುಂಬದಲ್ಲಿ ಮುಪ್ಪಾಗಲೇ ಇಲ್ಲ. ನನ್ನ ಮದುವೆಯ ಛತ್ರದಲ್ಲೂ ಮಾವ ಅದನ್ನೇ ಹೇಳಿದರು. ಧಾರೆ ಸೀರೆ ಉಟ್ಟು ಕೂತ ನನ್ನನ್ನು ಬಿಟ್ಟು ಎಲ್ಲರೂ ತಿರುಗಿ ಅಕ್ಕನನ್ನು ನೋಡಿದರು. ಬೆಂಚು ಉಜ್ಜಿದ್ದರ ಬಗ್ಗೆ ಯಾರೂ ಕತೆ ಹೇಳುವುದಿಲ್ಲ. ಸರಿಯಾಗಿ ಮಾಡಿದ ಕೆಲಸಕ್ಕೆ ಕತೆ ಇರುವುದಿಲ್ಲ.

ಇದನ್ನೂ ಹೇಳಿಬಿಡುತ್ತೇನೆ. ಈಗ ಬಣ್ಣ ಕೆರೆದು ನೋಡಿದರೆ ಬೆನ್ನಿನ ಪಟ್ಟಿಗಳನ್ನೂ ಕಾಲುಗಳನ್ನೂ ಗೆದ್ದಲು ಅಲ್ಲಲ್ಲಿ ತಿಂದಿತ್ತು. ಕೂರುವ ಹಲಗೆಗಳನ್ನು ಮುಟ್ಟಿರಲಿಲ್ಲ. ಉಪ್ಪುಕಾಗದ ಹಿಡಿದು ಉಜ್ಜಿದಾಗ ಆ ಮರದಿಂದ ಹಳೆಯ ಗರ್ಭಗುಡಿಯ ವಾಸನೆ ಬಂತು. ಅಷ್ಟು ಆಳಕ್ಕೆ ಇಳಿದಿತ್ತು ಆ ಎಣ್ಣೆ. ಭಕ್ತಳಾದ ನನಗೆ ಕಣ್ಣು ತುಂಬಬೇಕಿತ್ತು. ಇಲ್ಲೂ ಅಕ್ಕನೇ ಗೆದ್ದಳಲ್ಲ ತಾಯಿ, ಎಂದು ಅನ್ನಿಸಿತು.

ಗುರುವಾರ ಬೆಳಿಗ್ಗೆ ದೇವರ ಮುಂದೆ ನಿಂತು, ಮಾತಿಗೆ ಮಾತು ಬೆಳೆಯದಿರಲಿ ಎಂದು ಬೇಡಿಕೊಂಡೆ. ಕೊಟ್ಟುಬಿಡುವ ಬುದ್ಧಿ ಕೊಡು ಎಂದು ಬೇಡಲು ಬಾಯಿ ಬರಲಿಲ್ಲ. ಹನ್ನೊಂದರ ಹೊತ್ತಿಗೆ ಅಕ್ಕ ಬಂದಳು, ಹಿಂದೆಯೇ ಲಗೇಜ್ ಆಟೋ. ಮಂಡಿನೋವು ಅವಳ ನಡಿಗೆಯನ್ನು ನಿಧಾನ ಮಾಡಿದೆ, ನಗುವನ್ನಲ್ಲ. ಗೇಟಿನಲ್ಲೇ ನಮ್ಮವರನ್ನು ನಗಿಸಿ, ಆಟೋದವನ ಊರು ಯಾವುದೆಂದು ವಿಚಾರಿಸಿ, ಬೆಂಚಿನ ಹತ್ತಿರ ಬಂದು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಪದ್ದು, ಎಂಗ್ ಮಾಡಿದ್ದೀಯೇ! ಹೊಸಾ ಮದ್ವೆ ಹೆಣ್ಣಿದ್ದಂಗದೆ. ಇಷ್ಟು ಆದ್ರೆ ಸಾಕು, ಬಿಳೀ ಪೇಂಟ್ ಹೊಡ್ಸಿ ಪೋರ್ಟಿಕೋದಲ್ಲಿ ಇಟ್ಟು, ಮೇಲೆ ಎರಡು ಹೂವಿನ ಕುಂಡ ಇಡ್ತೀನಿ."

"ಬಿಳೀ ಪೇಂಟ?"

"ಈಗೆಲ್ಲರ ಮನೇಲೂ ಅದೇ ಕಣೇ. ಅಪ್ಪನ ಜೊತೆ ಕೂತಿದ್ದ ಬೆಂಚು, ಕಣ್ಮುಂದೆ ಇದ್ರೆ ಸಮಾಧಾನ."

"ನೀನು ಕೂತಿದ್ದೆ, ಅಕ್ಕ. ನಾನು ಕೂತಿರ್ಲಿಲ್ಲ."

"ಏನಂಗಂದ್ರೆ? ಈ ಕಡೆ ನಾನು, ಆ ಕಡೆ ನೀನು, ಮಧ್ಯ ಅಪ್ಪ. ನಂಗೆ ಚೆನ್ನಾಗಿ ನೆನಪದೆ."

"ಆ ಕಡೆ ಕ್ಯಾರಿಯರ್ ಇರ್ತಿತ್ತು."

ಅವಳು ನನ್ನ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಕೇಳಿದ್ರಾ ನಿಮ್ಮ ಹೆಂಡ್ತಿ ಮಾತ? ಕ್ಯಾರಿಯರ್ ಮೇಲೆ ಜಗಳಕ್ಕೆ ಬತ್ತಾವಳೆ" ಎಂದು ನಮ್ಮವರಿಗೆ ಹೇಳಿದಳು. ಅವಳು ನಾಟಕ ಆಡುತ್ತಿರಲಿಲ್ಲ. ನಾನು ಇಷ್ಟು ವರ್ಷ ಹೊತ್ತುಕೊಂಡು ಬಂದದ್ದು ಅವಳ ನೆನಪಿನಲ್ಲಿ ಇರಲೇ ಇಲ್ಲ. ಅಲ್ಲಿ ನಾನು ಆರಾಮವಾಗಿ ಬೆಂಚಿನ ಮೇಲೆ ಕೂತಿದ್ದೆ. ನನಗೆ ಸಿಗದ ಜಾಗವನ್ನು ಅಷ್ಟು ಸುಲಭವಾಗಿ, ಕೇಳದೆಯೇ, ದಾನ ಮಾಡಿಬಿಟ್ಟಿದ್ದಳು. ಅದರಿಂದ ಉರಿ ಇನ್ನೂ ಏರಿತು. ಹೊರಗೆ ಆಟೋದವನು ಹಾರ್ನ್ ಒತ್ತಿದ.

"ಕೊಡಲ್ಲ ಕಣಕ್ಕ," ಎಂದೆ.

"ಏನು?"

"ಬೆಂಚು ಕೊಡಲ್ಲ. ಪೇಂಟೂ ಹೊಡೆಯಲ್ಲ. ಇಲ್ಲೇ ಇರ್ತದೆ."

ಅಕ್ಕನ ನಗು ಮುಖದ ಮೇಲೆ ಹಾಗೇ ನಿಂತಿತು, ತೆಗೆಯಲು ಮರೆತ ಹಬ್ಬದ ತೋರಣದ ಹಾಗೆ. ನಮ್ಮವರು ಪೇಪರಿನ ಹಿಂದೆ ಮರೆಯಾದರು. ಇನ್ನೊಂದು ಮಾತು ಅವಳು ಆಡಿದ್ದರೆ ನಾನೇ ಎತ್ತಿ ಗಾಡಿಗೆ ಹಾಕಿಬಿಡುತ್ತಿದ್ದೆನೋ ಏನೋ. ಆಡಲಿಲ್ಲ. ಗೇಟಿನ ತನಕ ನಿಧಾನವಾಗಿ ಹೋಗಿ ಆಟೋದವನಿಗೆ ಏನೋ ಹೇಳಿ ಕಳಿಸಿ ವಾಪಸು ಬಂದಳು.

"ಊಟಕ್ಕಾದ್ರೂ ಹಾಕ್ತೀಯೋ, ಅದೂ ಇಲ್ವೋ?"

ಸೊಪ್ಪಿನ ಸಾರು, ಮುದ್ದೆ, ನಾಲ್ಕು ಹಪ್ಪಳ. ಅಕ್ಕ ಎರಡನೇ ಸಲ ಸಾರು ಹಾಕಿಸಿಕೊಂಡಳು. ಬೆಂಚಿನ ಮಾತು ಮಾತ್ರ ಎತ್ತಲಿಲ್ಲ. ಊಟವಾದ ಮೇಲೆ ಹೊರಗೆ ಬಂದು, ನಾನು ಬೇಡವೆನ್ನುವ ಮೊದಲೇ ಉಪ್ಪುಕಾಗದ ಎತ್ತಿಕೊಂಡು ನಡುವಿನ ಹಲಗೆಯನ್ನು ಉಜ್ಜಲು ಶುರು ಮಾಡಿದಳು, ಅಡ್ಡಡ್ಡಕ್ಕೆ, ಪಾತ್ರೆ ತಿಕ್ಕುವ ಹಾಗೆ.

"ಎಳೆ ನೋಡ್ಕೊಂಡು ಉಜ್ಜಕ್ಕ, ಗೀರು ಬೀಳ್ತದೆ."

"ನಂಗೆಲ್ಲಿ ಗೊತ್ತಾಗ್ಬೇಕು?" ಎಂದಳು ತಲೆ ಎತ್ತದೆ. "ಅಪ್ಪ ನಂಗೆ ಯಾವತ್ತಾದ್ರೂ ಇದನ್ನ ಹಿಡಿಯಕ್ಕೆ ಕೊಟ್ಟವ್ರಾ? ಕೇಳಿದ್ರೆ, ಬುಡು ಸರೋಜಿ, ಅದು ಪದ್ದು ಕೆಲ್ಸ ಅನ್ನೋರು."

ಆ ಮಾತು ಕೇಳಿ ನನಗೆ ಅವಳ ಮೇಲೆ ಕನಿಕರ ಹುಟ್ಟಲಿಲ್ಲ. ಸಂತೋಷವಾಯಿತು. ಅಪ್ಪ ಅವಳಿಗೆ ಯಾವುದಾದರೂ ಒಂದನ್ನು ಇಲ್ಲ ಎಂದಿದ್ದರಲ್ಲ ಎಂದು ಸಂತೋಷ. ಇನ್ನೊಂದು ಸಲ ಹೇಳಿಸಬೇಕೆನ್ನಿಸಿತು, ಕೇಳಲು ನಾಚಿಕೆಯಾಯಿತು. ಅಕ್ಕ ಸ್ವಲ್ಪ ಹೊತ್ತು ಉಜ್ಜಿ, ಮಂಡಿ ಹಿಡಿದುಕೊಂಡಿತೆಂದು ಎದ್ದಳು. ನಮ್ಮವರು ಸ್ಕೂಟರಿನಲ್ಲಿ ಬಸ್ ಸ್ಟಾಪಿಗೆ ಬಿಟ್ಟು ಬಂದರು. ಹೋಗುವಾಗ ನಾನು ಅರಿಶಿನ ಕುಂಕುಮ ಕೊಟ್ಟೆ, ಅವಳು ನನ್ನ ಕೆನ್ನೆ ಮುಟ್ಟಿ ಲಟಿಕೆ ತೆಗೆದಳು. ಮಾತು ಬೆಳೆಯದೆ ಉಳಿಯಿತು. ಬೇಡಿದ್ದಷ್ಟನ್ನು ತಾಯಿ ನಡೆಸಿಕೊಟ್ಟಳು.

ನಡುವಿನ ಹಲಗೆಯ ಮೇಲೆ ಅವಳ ಗೀರುಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ನಾನು ನಯವಾದ ಕಾಗದ ತೆಗೆದುಕೊಂಡು ಕೂತೆ. ಸ್ಕೂಟರು ನಿಲ್ಲಿಸಿ ಬಂದ ನಮ್ಮವರು ಪಕ್ಕದಲ್ಲಿ ನಿಂತು ನೋಡಿದರು.

"ಬುಡು ಪದ್ಮ. ಅತ್ತಿಗೆ ಕೈಯ ಗೀರು, ನೆನಪಿಗೆ ಇರ್ಲಿ."

"ನೆನಪು ಬೇಕಾದಷ್ಟವೆ," ಎಂದೆ.

ಎಳೆ ಹಿಡಿದು ಉಜ್ಜಿದೆ. ಒರೆಸಿ, ಬೆಳಕಿಗೆ ತಲೆ ಬಾಗಿಸಿ ನೋಡಿ, ಮತ್ತೆ ಉಜ್ಜಿದೆ. ಒಂದು ಗೀರನ್ನೂ ಉಳಿಸಲಿಲ್ಲ. ಬಿಸಿಲು ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ ಇಳಿಯುತ್ತಿತ್ತು. ಇಬ್ಬನಿ ಬೀಳುವ ಮೊದಲು ತೆಗೆಯಬೇಕಲ್ಲ ಎಂದು, ಸೆರಗು ಕೊಡವಿ, ತಾರಸಿಯ ಮೇಲೆ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿ ಎತ್ತಲು ಮೊರ ಹಿಡಿದು ಮೆಟ್ಟಿಲು ಹತ್ತಿದೆ.